ಕಂಪನದ ಗ್ರಾಫಿಗೆ ಗಡಿಯಾರ ಬೇಕು

ಚಂದ್ರಯಾನ-3ರ ವಿಕ್ರಮ್ ಲ್ಯಾಂಡರಿನಲ್ಲಿದ್ದ ‘ಇಲ್ಸಾ’ ಕಂಪನಮಾಪಕ ಸಿದ್ಧವಾದದ್ದು ಬೆಂಗಳೂರಿನ ಲಿಯೋಸ್ ಪ್ರಯೋಗಾಲಯದಲ್ಲಿ. 2023ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಅದು 250ಕ್ಕೂ ಹೆಚ್ಚು ಕಂಪನಗಳನ್ನು ದಾಖಲಿಸಿತು. ಅವುಗಳಲ್ಲಿ ಸುಮಾರು 200, ಪ್ರಜ್ಞಾನ್ ರೋವರಿನ ಓಡಾಟಕ್ಕೋ ಬೇರೆ ಉಪಕರಣಗಳ ಕೆಲಸಕ್ಕೋ ತಾಳೆಯಾದವು. ಸುಮಾರು 50 ಯಾವುದಕ್ಕೂ ತಾಳೆಯಾಗಲಿಲ್ಲ. ಚಂದ್ರನ ನೆಲವೇ ನಡುಗಿರಬಹುದೇ ಎಂಬ ಪ್ರಶ್ನೆ ಏಳುವುದು ಆ 50ರ ಬಗ್ಗೆ. ಕಂಪನ ಬಂದ ಹೊತ್ತು, ರೋವರ್ ಚಲಿಸಿದ ಹೊತ್ತು ಎರಡೂ ಒಂದೇ ಗಡಿಯಾರದಲ್ಲಿ ಇಲ್ಲದಿದ್ದರೆ ಈ ತಾಳೆ ನೋಡುವ ಕೆಲಸವೇ ನಡೆಯುತ್ತಿರಲಿಲ್ಲ.

ಆದರೂ ಸೊನ್ನೆಯಿಂದ ಹೊರಟು 100, 200, 300 ಸೆಕೆಂಡು ಎಂದಷ್ಟೇ ಬರೆದ ಗ್ರಾಫುಗಳು ವರದಿಗಳಲ್ಲಿ ಸಾಮಾನ್ಯ. ಈ ರೂಢಿಗೆ ತನ್ನದೇ ಬೆಲೆಯಿದೆ. ಕಂಪನ ಎಷ್ಟು ಹೊತ್ತು ನಡೆಯಿತು, ಅದರ ಆವರ್ತನವೆಷ್ಟು ಎಂಬುದಕ್ಕೆ ಸೆಕೆಂಡೇ ಸಾಕು. ಹತ್ತಿರದ ಭೂಕಂಪವಾದರೆ ಮೊದಲು ತಲುಪುವ ಪಿ ಅಲೆ ಮತ್ತು ಅದರ ಹಿಂದೆ ಬರುವ ಎಸ್ ಅಲೆಗಳ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿ ದೂರವನ್ನು ಕಿಲೋಮೀಟರಿನಲ್ಲಿ ಅಂದಾಜು ಮಾಡಬಹುದು. ಆದರೆ ಅದು ಯಾವ ಘಟನೆ ಎಂದು ಕೇಳಿದರೆ ಆ ಗ್ರಾಫ್ ಉತ್ತರಿಸದು. ಗೌರಿಬಿದನೂರಿನ ಕಂಪನ ಕೇಂದ್ರ 1965ರಿಂದ ದೂರದೇಶದ ಪರಮಾಣು ಸ್ಫೋಟಗಳ ಅಲೆಗಳನ್ನು ಹಿಡಿಯುತ್ತಾ ಬಂದಿದೆ. ಅಲ್ಲಿನ ದಾಖಲೆಯನ್ನು ಇನ್ನೊಂದು ದೇಶದ ದಾಖಲೆಯೊಡನೆ ಹೋಲಿಸಬೇಕಾದರೆ ಎರಡಕ್ಕೂ ಸಮಾನ ಕಾಲಮಾನ ಬೇಕೇ ಬೇಕು. ಸೆಕೆಂಡಿಗೆ 6 ಕಿಲೋಮೀಟರ್ ಸಾಗುವ ಅಲೆಯ ವಿಷಯದಲ್ಲಿ ಒಂದು ಸೆಕೆಂಡು ತಪ್ಪಿದರೂ ಲೆಕ್ಕ 6 ಕಿಲೋಮೀಟರ್ ಜಾರುತ್ತದೆ.

ಆರಂಭದ ಸಮಯಕ್ಕೆ ಸೆಕೆಂಡುಗಳನ್ನು ಕೂಡಿಸಿದರೆ ಮುಗಿಯಿತು ಎಂಬ ನಂಬಿಕೆಯೂ ಸರಿಯಲ್ಲ. ಸೆಕೆಂಡಿಗೆ 100 ಅಳತೆ ತೆಗೆಯಬೇಕಾದ ಉಪಕರಣ 99.99 ತೆಗೆದರೆ, ಒಂದು ದಿನದ ಕೊನೆಗೆ ಸುಮಾರು 8.6 ಸೆಕೆಂಡು ಏರುಪೇರಾಗುತ್ತದೆ. ನಡುವೆ ಒಂದಷ್ಟು ದತ್ತಾಂಶ ಕಳೆದುಹೋಗಿದ್ದರೆ ಮುಂದಿನದೆಲ್ಲ ಹಿಂದಕ್ಕೆ ಸರಿಯುತ್ತದೆ. ಅಂತರರಾಷ್ಟ್ರೀಯ ಕಾಲಮಾನವಾದ ಯುಟಿಸಿಯೋ ಭಾರತೀಯ ಕಾಲಮಾನವೋ ಎಂದು ಬರೆಯದಿದ್ದರೆ ಐದೂವರೆ ಗಂಟೆಯ ಗೊಂದಲ. ನಡುವೆ ಮಧ್ಯರಾತ್ರಿ ದಾಟಿದರೆ ತಾರೀಖೂ ತಪ್ಪುತ್ತದೆ. ಆದ್ದರಿಂದ ಜಿಪಿಎಸ್‌ನಂಥ ನಂಬಬಹುದಾದ ಮೂಲದಿಂದ ಗಡಿಯಾರವನ್ನು ಆಗಾಗ ಸರಿಪಡಿಸಿ, ಪ್ರತಿ ತುಂಡು ದತ್ತಾಂಶಕ್ಕೂ ಅದರದೇ ಸಮಯ ನಮೂದಿಸಬೇಕು.

ಸೆಕೆಂಡನ್ನು ಅಳಿಸಬೇಕೆಂದು ನಾನು ಹೇಳುತ್ತಿಲ್ಲ. ಕೆಳಗಿನ ಅಕ್ಷದಲ್ಲಿ ಸೆಕೆಂಡು, ಮೇಲಿನ ಅಕ್ಷದಲ್ಲಿ ಗಡಿಯಾರದ ಸಮಯ, ಜೊತೆಗೆ ತಾರೀಖು, ಕಾಲಮಾನದ ಹೆಸರು ಇರಲಿ. ಇವಿಲ್ಲದ ಗ್ರಾಫನ್ನು ಮಾರ್ಗದರ್ಶಕರೂ ಸಂಪಾದಕರೂ ಅಪೂರ್ಣವೆಂದೇ ಹಿಂದಿರುಗಿಸಬೇಕು. ಏಕೆಂದರೆ ಬೇರೆಯವರು ತಮ್ಮ ದಾಖಲೆಯೊಡನೆ ಇಟ್ಟು ಪರೀಕ್ಷಿಸಲಾಗದ ಅಳತೆ ವಿಜ್ಞಾನಕ್ಕೆ ಅರ್ಧವಷ್ಟೇ ಉಪಯೋಗ.