ಎರಡನೇ ಸಲದ ಪದ್ಯ

ರಾತ್ರಿ ಒಂದೂವರೆ ಆಗಿತ್ತು. ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಳ್ಳಿ, ಶಾಲೆ ಮುಂದಿನ ಬಯಲು, 'ಕುರುಕ್ಷೇತ್ರ' ನಾಟಕ. ಕೃಷ್ಣ ಮಂಚದ ಮೇಲೆ ಮಲಗಿದ್ದಾನೆ. ಅರ್ಜುನ ಕಾಲ ದೆಸೆಗೆ, ದುರ್ಯೋಧನ ತಲೆ ದೆಸೆಗೆ. ಹಗಲೆಲ್ಲ ಟ್ರ್ಯಾಕ್ಟರ್ ಓಡಿಸುವ ಹುಡುಗ ಅವತ್ತಿನ ದುರ್ಯೋಧನ. ಗದೆಯನ್ನು ಎಡಗೈಗೆ ಬದಲಿಸಿಕೊಂಡ, ಹಾರ್ಮೋನಿಯಂ ಮೇಷ್ಟ್ರ ಕಡೆ ಒಮ್ಮೆ ನೋಡಿದ, ಪದ್ಯ ಎತ್ತಿದ. ಮೇಲಿನ ಷಡ್ಜ ಮುಟ್ಟಿ ಅಲ್ಲೇ ನಿಂತ. ನನ್ನ ಮುಂದೆ ಕಡಲೆಕಾಯಿ ಸುಲಿಯುತ್ತಿದ್ದ ಹೆಂಗಸಿನ ಕೈ ಹಾಗೇ ನಿಂತಿತು. ಪದ್ಯ ಮುಗಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಪಕ್ಕದಲ್ಲಿದ್ದ ನಮ್ಮ ಸೋದರಮಾವ ಗಂಟಲು ಬಿರಿಯುವಂತೆ ಕೂಗಿದರು: "ಒನ್ಸ್ ಮೋರ್!"

ಮಾವ ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರು. ಲಾಳಿ ಆಡುವ ಲೆಕ್ಕಕ್ಕೆ ಪದ್ಯ ಹೇಳಿಕೊಳ್ಳುತ್ತಲೇ ಬದುಕು ಸವೆಸಿದವರು. ಚಿಕ್ಕಂದಿನಲ್ಲಿ ಅವರನ್ನು ಕೇಳಿದ್ದೆ, ಒಂದು ಸಲ ಕೇಳಿದ್ದನ್ನೇ ಮತ್ತೆ ಯಾಕೆ ಹಾಡಿಸ್ತೀರಿ ಅಂತ. "ಅಳಿಯಾ, ಮೊದಲನೇ ಸಲ ಮೇಷ್ಟ್ರು ಹೇಳಿಕೊಟ್ಟಿದ್ದು ಹಾಡ್ತಾನೆ. ಎರಡನೇ ಸಲ ಅವನದು ಹಾಡ್ತಾನೆ ಕಣೋ" ಅಂದಿದ್ದರು. ನಾಟಕದ ಬಗ್ಗೆ ಆಮೇಲೆ ಎಷ್ಟೋ ಓದಿದ್ದೇನೆ. ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ಮಳೆ ಕಮ್ಮಿಯ ಸೀಮೆ. ಶೇಂಗಾ ಕೈಗೆ ಬಂದರೆ ಹಬ್ಬ, ಬರದಿದ್ದರೆ ಗುಳೆ. ಆದರೂ ಬೇಸಿಗೆ ಬಂತೆಂದರೆ ಹಳ್ಳಿಗಳಲ್ಲಿ ನಾಟಕದ ತಾಲೀಮು ಶುರುವಾಗುತ್ತದೆ. ಎರಡು ಮೂರು ತಿಂಗಳು ಊರಲ್ಲೇ ಉಳಿದು ಕಲಿಸಲು ಮೇಷ್ಟ್ರು ಬರುತ್ತಾರೆ. ಪಾತ್ರಕ್ಕೊಂದು ದರ ಗೊತ್ತಾಗುತ್ತದೆ, ದುರ್ಯೋಧನ, ಕೃಷ್ಣ, ಭೀಮನಿಗೆ ಹೆಚ್ಚು. ಹಣ ಕೊಟ್ಟು ಪಾತ್ರ ಹಿಡಿಯುವುದನ್ನು ಪಟ್ಟಣದವರು ಹಗುರವಾಗಿ ಕಾಣುತ್ತಾರೆ. ನಾನು ಹಾಗೆ ಕಾಣಲಾರೆ. ನಾಟಕದ ಹುಚ್ಚಿರುವವನು ನೋಡುವುದಕ್ಕಷ್ಟೇ ದುಡ್ಡು ಕೊಡಬೇಕೆಂದು ಎಲ್ಲಿದೆ? ಇಲ್ಲಿಯವನು ಸ್ವತಃ ಕಿರೀಟ ಹೊರಲು ಕೊಡುತ್ತಾನೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ 1934ರಲ್ಲಿ ಆನೆ, ಕುದುರೆ, ರಥಗಳನ್ನೇ ರಂಗಕ್ಕೆ ತಂದು 'ಕುರುಕ್ಷೇತ್ರ' ಆಡಿತ್ತು. ಹಳ್ಳಿಗೆ ಆನೆ ಬರಲಿಲ್ಲ. ಬಾಡಿಗೆ ಸೀನರಿ ಬಂತು, ಹಾರ್ಮೋನಿಯಂ ಬಂತು, ಪದ್ಯ ಬಂತು. ಪದ್ಯವೇ ಆನೆಯ ತೂಕ ಹೊತ್ತಿತು.

ಹಾಗಾಗಿ ಈ ನಾಟಕವನ್ನು ತೂಗುವುದಾದರೆ ಪದ್ಯದಿಂದಲೇ ತೂಗಬೇಕು.

ಆ ರಾತ್ರಿಯ ದುರ್ಯೋಧನ ಎರಡನೇ ಸಲ ಹಾಡಿದಾಗ ಮೇಲಿನ ಷಡ್ಜಕ್ಕೆ ಹೋಗಲೇ ಇಲ್ಲ. ಜನ ಕಾಯುತ್ತಿದ್ದುದು ಅದಕ್ಕೇ. ಅವನು ಮಧ್ಯದಲ್ಲೇ ನಿಂತು, ತಮ್ಮ ಎಂಬ ಮಾತಿನ ಮೇಲೆ ದನಿ ಇಳಿಸಿದ. ಮೊದಲ ಸಲ ಸೊಕ್ಕಾಗಿ ಕೇಳಿದ್ದ ಪದ್ಯ ಈಗ ಒಂಟಿ ಮನುಷ್ಯನ ಮಾತಾಯಿತು. ಸೈನ್ಯ ಕೇಳಲು ಬಂದವನು ನೆಂಟನನ್ನು ಕೇಳುತ್ತಿದ್ದಾನೆ ಅನ್ನಿಸಿತು. ಒನ್ಸ್ ಮೋರ್ ಇರುವುದೇ ಇಂಥ ಗಳಿಗೆಗಾಗಿ. ಅದು ಹೊಗಳಿಕೆಯ ಹಾಗೆ ಕೇಳಿಸಿದರೂ ಒಳಗೆ ಪರೀಕ್ಷೆಯ ಪ್ರಶ್ನೆಯಿದೆ: ನಿನ್ನಲ್ಲಿ ಇನ್ನೇನಿದೆ? ಏನೂ ಇಲ್ಲದವನು ಅದನ್ನೇ ಇನ್ನಷ್ಟು ಜೋರಾಗಿ ಹಾಡುತ್ತಾನೆ. ಇದ್ದವನು ಪಾತ್ರದ ಇನ್ನೊಂದು ಬಾಗಿಲು ತೆಗೆಯುತ್ತಾನೆ.

ಕಥೆಯ ನಡುವೆ ಹಾಡನ್ನು ಮತ್ತೆ ಹಾಡಿಸಿದರೆ ನಾಟಕದ ಓಟ ಮುರಿಯುತ್ತದೆ ಎಂಬ ಆಕ್ಷೇಪಣೆ ಹಳೆಯದು, ಎಲ್ಲ ಕಡೆಯೂ ಇದೆ. 1786ರಲ್ಲಿ ವಿಯೆನ್ನಾದಲ್ಲಿ ಮೊಜಾರ್ಟ್‌ನ 'ಫಿಗರೋ' ಸಂಗೀತ ನಾಟಕದಲ್ಲಿ ಜನ ಮತ್ತೆ ಮತ್ತೆ ಹಾಡಿಸಿ ಪ್ರದರ್ಶನ ಎಷ್ಟು ಬೆಳೆಯಿತೆಂದರೆ, ಒಬ್ಬರಿಗಿಂತ ಹೆಚ್ಚು ಮಂದಿ ಕೂಡಿ ಹಾಡುವ ಭಾಗಗಳನ್ನು ಮರಳಿ ಹಾಡಕೂಡದೆಂದು ಚಕ್ರವರ್ತಿ ಎರಡನೇ ಜೋಸೆಫ್ ಅಪ್ಪಣೆ ಹೊರಡಿಸಿದ. ಅವನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಜನರಿಗೆ ಕುರುಕ್ಷೇತ್ರದಲ್ಲಿ ಮುಂದೇನಾಗುತ್ತದೆ ಎಂಬ ಕುತೂಹಲವೇ ಇಲ್ಲ. ತೊಡೆ ಮುರಿಯುವುದು ಮಗುವಿಗೂ ಗೊತ್ತು. ಅವರು ಬಂದಿರುವುದು ಈ ಮನುಷ್ಯ ಈ ರಾತ್ರಿ ಅದನ್ನು ಹೇಗೆ ಹಾಡುತ್ತಾನೆಂದು ಕೇಳುವುದಕ್ಕೆ. ಗೊತ್ತಿರುವ ಕಥೆಗೆ ಓಟದ ಅವಸರವಿಲ್ಲ.

ಮತ್ತೆ ಹಾಡುವುದು ಈ ನೆಲಕ್ಕೆ ಕಂಪನಿ ನಾಟಕ ಕಲಿಸಿದ ವಿದ್ಯೆಯೂ ಅಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ತ್ರಿಪದಿಗಳನ್ನು ಎದೆಯಲ್ಲಿಟ್ಟುಕೊಂಡಿದ್ದವರು. ಕೃಷ್ಣಮೂರ್ತಿ ಹನೂರರು ಅವರ ಹಾಡುಗಳನ್ನು ಬರೆದು ಪುಸ್ತಕಕ್ಕೆ ತಂದರು. ನಮ್ಮ ಕಡೆಯ ಹಟ್ಟಿಗಳಲ್ಲಿ ಹೆಂಗಸರು ಸೋಬಾನೆ ಹಾಡುವುದನ್ನು ಕೇಳಿದವರಿಗೆ ಗೊತ್ತು: ಒಬ್ಬಾಕೆ ಒಂದು ಸೊಲ್ಲು ಹೇಳುತ್ತಾಳೆ, ಜೊತೆಯವರು ಅದನ್ನೇ ತಿರುಗಿ ಹೇಳುತ್ತಾರೆ. ಅಲ್ಲಿ ಪ್ರತಿ ಸಾಲಿಗೂ ಎರಡನೇ ಸಲ ಇದ್ದೇ ಇದೆ, ಯಾರೂ ಕೂಗಿ ಕೇಳಬೇಕಿಲ್ಲ. ನಮ್ಮ ಜನ ಟೆಂಟಿನ ಮುಂದೆ ಕೂತು ಇಂಗ್ಲಿಷ್ ಮಾತೊಂದನ್ನು ಕೂಗುವಾಗ ಕೇಳುತ್ತಿರುವುದು ಈ ಹಳೆಯ ಅಭ್ಯಾಸವನ್ನೇ ಎಂದು ನನ್ನ ನಂಬಿಕೆ.

ಇಷ್ಟು ಒಪ್ಪಿಕೊಂಡ ಮೇಲೆ, ಈಗೀಗ ಆಗುತ್ತಿರುವುದನ್ನು ಹೇಳದೆ ಇರಲಾರೆ.

ಇವತ್ತು ಒನ್ಸ್ ಮೋರ್ ಬೀಳುವುದು ಪದ್ಯಕ್ಕಲ್ಲ, ಪಾತ್ರಧಾರಿಯ ನೆಂಟಸ್ತಿಕೆಗೆ. ಮೊದಲ ಸಾಲು ಮುಗಿಯುವ ಮೊದಲೇ ಅವನ ಓಣಿಯ ಹುಡುಗರು ಎದ್ದು ನಿಲ್ಲುತ್ತಾರೆ. ಹಿಂದೆಯೇ ನೋಟಿನ ಹಾರ, ಶಾಲು, ಮುಯ್ಯಿ ಓದುವ ಮೈಕು. ದ್ರೌಪದಿ ಮುಡಿ ಬಿಚ್ಚಿ ನಿಂತಿರುವಾಗ ಭೀಮನಿಗೆ ಐನೂರು ಒಂದು ರೂಪಾಯಿ ಕೊಟ್ಟವರ ಹೆಸರು, ಅವರ ಊರು, ಅವರ ಅಂಗಡಿ. ನಡುವೆ ಮುಖಂಡರೊಬ್ಬರು ಬಂದರೆ ಹದಿನೆಂಟು ಅಕ್ಷೋಹಿಣಿ ಸೈನ್ಯವೂ ಅವರ ಭಾಷಣ ಮುಗಿಯುವ ತನಕ ಕಾಯಬೇಕು. ಊರಿನ ನಂಟು, ಕೊಡು-ಕೊಳ್ಳುವ ಬಾಂಧವ್ಯ ನಾಟಕದ ಖರ್ಚನ್ನು ನೀಗಿಸುತ್ತದೆ, ನಿಜ. ಅದಕ್ಕೆ ನಾಟಕ ಶುರುವಾಗುವ ಮೊದಲು ಒಂದು ಗಂಟೆ ಇಡಲಿ. ಹಾಡಿನ ಬಾಯಿಗೆ ಕೈ ಅಡ್ಡ ಹಿಡಿಯುವುದು ಬೇಡ.

ಎರಡನೆಯದು ಆಲಾಪದ ವಿಷಯ. ನಮ್ಮದು ಗಡಿ. ರಾಯದುರ್ಗ ಇಲ್ಲೇ ಇದೆ, ಎಷ್ಟೋ ಮನೆಗಳ ಮಾತು ತೆಲುಗು. ತಿರುಪತಿ ವೆಂಕಟ ಕವಿಗಳ ಪಾಂಡವ ನಾಟಕಗಳ ಪದ್ಯ ಹಾಡುವ ತೆಲುಗು ನಟರು ಪದ್ಯದ ಕೊನೆಗೆ ತೆಗೆಯುವ ದೀರ್ಘ ರಾಗವನ್ನು ಕೇಳಿ ನಾವೂ ತಲೆದೂಗಿದವರೇ. ಅವರ ಸೀಸ ಪದ್ಯದ ಸಾಲು ಉದ್ದ, ಅಷ್ಟು ರಾಗವನ್ನು ಹೊರುತ್ತದೆ. ನಮ್ಮ ಕಂದ ಪದ್ಯ ಗಿಡ್ಡ. ಅದರ ಮೇಲೆ ಅದೇ ರಾಗ ಹೇರಿದರೆ ಮಾತು ನಡುವೆ ಹರಿಯುತ್ತದೆ, ಏನು ಹೇಳಿದ ಎಂಬುದೇ ತಿಳಿಯುವುದಿಲ್ಲ. ಇದರ ಮೇಲೆ ಕೀಬೋರ್ಡು, ರಿದಮ್ ಪ್ಯಾಡು, ಮೈಕಿನ ಎಕೋ. ಒಳ್ಳೆಯ ಹಾರ್ಮೋನಿಯಂ ಮೇಷ್ಟ್ರು ನಟ ಉಸಿರು ತೆಗೆಯುವ ಜಾಗ ನೋಡಿಕೊಂಡು ಬೆರಳು ಎತ್ತುತ್ತಾರೆ. ರಿದಮ್ ಪ್ಯಾಡಿಗೆ ಉಸಿರಿನ ಲೆಕ್ಕವಿಲ್ಲ.

ಇದೇ ಜಿಲ್ಲೆಯ ಸಾಣೇಹಳ್ಳಿಯಲ್ಲಿ ಬೇರೆ ದಾರಿಯಿದೆ. 1997ರಿಂದ ಊರೂರು ತಿರುಗುತ್ತಿರುವ ಶಿವಸಂಚಾರದ ನಾಟಕಗಳಲ್ಲಿ ಹಾಡು ಕಥೆಯೊಳಗೆ ಹೆಣೆದುಕೊಂಡಿರುತ್ತದೆ, ಮೇಳ ಹಿತಮಿತ, ಎರಡು ಗಂಟೆಯಲ್ಲಿ ಮುಗಿಯುತ್ತದೆ. ಆ ಶಿಸ್ತನ್ನು ನಾನು ಮನಸಾರೆ ಮೆಚ್ಚುತ್ತೇನೆ, ತಪ್ಪಿಸದೆ ನೋಡುತ್ತೇನೆ. ಆದರೆ ಅಲ್ಲಿ ನಾನು ಕೊನೆಗೆ ಚಪ್ಪಾಳೆ ತಟ್ಟುವವನು ಮಾತ್ರ. ಮಾವನಂಥ ಕಿವಿಯವರಿಗೆ ನಡುವೆ ಮಾತಾಡಲು ಅಲ್ಲಿ ಜಾಗವಿಲ್ಲ.

ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ತ.ರಾ.ಸು. ಬರೆದ 'ಹಂಸಗೀತೆ' ಇಲ್ಲಿ ನೆನಪಾಗುತ್ತದೆ. 1975ರಲ್ಲಿ ಜಿ.ವಿ. ಅಯ್ಯರ್ ಅದನ್ನು ಸಿನಿಮಾ ಮಾಡಿದರು. ಅದರ ಗಾಯಕ ದೊರೆಯ ಅಪ್ಪಣೆಗೆ ಹಾಡಲೊಪ್ಪದೆ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಹಾಡು ಎನ್ನುವ ಮಾತು ಯಾವಾಗ ಪ್ರೀತಿ, ಯಾವಾಗ ಅಪ್ಪಣೆ ಎಂಬ ಪ್ರಶ್ನೆ ನಮ್ಮ ಸೀಮೆಯಲ್ಲೇ ಎದ್ದಿತ್ತು. ಅದು ಇವತ್ತು ಹೆಚ್ಚು ತಟ್ಟುವುದು ನಾಟಕಕ್ಕೆ ಬರುವ ನಟಿಯರಿಗೆ.

ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆ ಊರಿನವರಲ್ಲ. ದಾವಣಗೆರೆ, ಬಳ್ಳಾರಿ, ತುಮಕೂರಿನ ಕಡೆಯಿಂದ ಆ ರಾತ್ರಿಗೆ ಬಂದವರು. ನಿನ್ನೆ ಬೇರೆ ಊರಲ್ಲಿ ಬೇರೆ ಭೀಮ, ನಾಳೆ ಇನ್ನೊಬ್ಬ. ಎರಡು ತಿಂಗಳು ತಾಲೀಮು ಮಾಡಿದ ಗಂಡಸು ಮಾತು ಮರೆತಾಗ ಅವನನ್ನು ದಡ ಸೇರಿಸುವವರು ಇವರೇ. ಅವತ್ತು ಭೀಮ ತಾಳ ತಪ್ಪಿದ. ದ್ರೌಪದಿಯಾಗಿದ್ದಾಕೆ ಮುಖದಲ್ಲಿ ಸಿಟ್ಟು ಹಾಗೇ ಇಟ್ಟುಕೊಂಡು, ಬೆನ್ನ ಹಿಂದೆ ಸೆರಗಿನ ಮರೆಯಲ್ಲಿ ಬೆರಳಿನಿಂದ ತಾಳ ಎಣಿಸಿ ತೋರಿಸಿದಳು. ನಾನು ಪಕ್ಕಕ್ಕೆ ಕೂತಿದ್ದರಿಂದ ಕಂಡೆ. ಭೀಮ ಸಮಕ್ಕೆ ಬಂದ, ಒನ್ಸ್ ಮೋರ್ ಭೀಮನಿಗೆ ಬಿತ್ತು. ಆಕೆಗೆ ಸಿಕ್ಕಿದ್ದು ನೋಟು ಹಿಡಿದು ರಂಗಕ್ಕೆ ಹತ್ತಿ ಸೆರಗಿಗೇ ಪಿನ್ನು ಹಾಕಲು ಬಂದ ಇಬ್ಬರು. ಇದನ್ನು ಅಭಿಮಾನವೆಂದು ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ. ಇದು ತಪ್ಪು. ನಾಟಕ ಆಡಿಸುವ ಊರು ರಂಗದ ಮೆಟ್ಟಿಲಲ್ಲೇ ಇದನ್ನು ತಡೆಯಬೇಕು.

ನಾಲ್ಕು ಗಂಟೆಗೆ ಗಂಗೆಯ ದಡದಲ್ಲಿ ಕುಂತಿ ಕರ್ಣನ ಮುಂದೆ ನಿಂತಳು. ವಯಸ್ಸಾದ ನಟಿ, ದನಿ ಸ್ವಲ್ಪ ಒಡೆದಿತ್ತು. ಪದ್ಯದ ಎರಡನೇ ಸಾಲಿಗೆ ಮೈಕಿನಲ್ಲಿ ಯಾರದೋ ಸನ್ಮಾನ ಬಂತು. ಆಕೆ ಕೈಮುಗಿದು ಪಕ್ಕಕ್ಕೆ ಸರಿದಳು. ಹಾರ ಹಾಕಿದ್ದಾಯಿತು, ಫೋಟೋ ತೆಗೆದದ್ದಾಯಿತು. ಮೇಷ್ಟ್ರು ಹೊತ್ತಾಯಿತೆಂದು ಮುಂದಿನ ಮಾತಿಗೆ ಸನ್ನೆ ಮಾಡಿದರು. ಪದ್ಯ ಅಲ್ಲೇ ಉಳಿಯಿತು.

ದುರ್ಯೋಧನ ಬೀಳುವಾಗ ಮೂಡಲಲ್ಲಿ ಕೆಂಪಾಗಿತ್ತು, ಲೈಟುಗಳು ಬೆಳ್ಳಗೆ ಸಪ್ಪೆಯಾಗಿದ್ದವು. ಮಾವ ಟೀ ಕುಡಿಯೋಣವೆಂದು ನನ್ನನ್ನು ರಂಗದ ಹಿಂದುಗಡೆಗೆ ಕರೆದುಕೊಂಡು ಹೋದರು. ಕುಂತಿ ಟ್ರಂಕಿನ ಮೇಲೆ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದರು. ಊರಿನ ಅಜ್ಜಿಯೊಬ್ಬಳು ಎಲೆ ಅಡಿಕೆ ಹಿಡಿದುಕೊಂಡು ಬಂದು ಎದುರಿಗೆ ನೆಲದ ಮೇಲೆ ಕುಕ್ಕರಿಸಿದಳು. "ತಾಯಿ, ಆ ಕರ್ಣನ ಪದ ಅರ್ಧಕ್ಕೇ ನಿಲ್ಲಿಸಿಬಿಟ್ಟೆಯಲ್ಲವ್ವ. ಪೂರಾ ಹೇಳಿಹೋಗು."

ಹಾರ್ಮೋನಿಯಂ ಆಗಲೇ ಪೆಟ್ಟಿಗೆ ಸೇರಿತ್ತು, ಮೈಕಿನವನು ವೈರು ಸುತ್ತುತ್ತಿದ್ದ. ಆಕೆ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಅರ್ಧ ಬಣ್ಣದ ಮುಖದಲ್ಲೇ, ಪಕ್ಕದವರಿಗೆ ಕೇಳುವಷ್ಟು ದನಿಯಲ್ಲಿ ಮೊದಲಿನಿಂದ ಹಾಡಿದರು. ಸಾಲು ಮುಗಿದಲ್ಲೆಲ್ಲ ಅಜ್ಜಿ ಕೊನೆಯ ಸೊಲ್ಲನ್ನು ತಿರುಗಿ ಹೇಳಿದಳು. ಮಾವ ಟೀ ಲೋಟ ಹಿಡಿದುಕೊಂಡೇ ನಿಂತಿದ್ದರು. ಚಳ್ಳಕೆರೆಯ ಮೊದಲ ಬಸ್ಸು ಬಂದು ಹಾರನ್ ಹೊಡೆಯಿತು. ಪದ್ಯದಲ್ಲಿ ಇನ್ನೂ ಒಂದು ಸಾಲಿತ್ತು. ಆಕೆ ಅದನ್ನೂ ಹಾಡಿದರು.