ಮಕ್ಕಳಿಗೆ ಐದು ನಿಮಿಷ

ಆಹ್ವಾನ ಪತ್ರಿಕೆಯನ್ನು ಕೆಳಗಿನಿಂದ ಮೇಲಕ್ಕೆ ಓದುವ ಅಭ್ಯಾಸ ನನಗಿದೆ. ಮೇಲಿನ ಅರ್ಧದಲ್ಲಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು ಇರುತ್ತಾರೆ. ನಾವು ಓದಲಿ ಬಿಡಲಿ, ಅವರು ವೇದಿಕೆಯ ಮೇಲೆ ಇದ್ದೇ ಇರುತ್ತಾರೆ. ನನಗೆ ಬೇಕಾದ ಮಕ್ಕಳ ಗೋಷ್ಠಿ, ಮಹಿಳಾ ಗೋಷ್ಠಿಗಳು ಸಣ್ಣ ಅಕ್ಷರದಲ್ಲಿ ತಳದಲ್ಲಿ, 'ಸರ್ವರಿಗೂ ಆದರದ ಸ್ವಾಗತ'ದ ಪಕ್ಕದಲ್ಲಿ ಕೂತಿರುತ್ತವೆ.

ನಾಲ್ಕು ವರ್ಷದ ಹಿಂದೆ, ಭತ್ತದ ರಾಶಿ ಮುಗಿದ ದಿನಗಳಲ್ಲಿ, ನನ್ನ ತಂಗಿ ಇಂಥದೇ ಒಂದು ಪತ್ರಿಕೆ ಹಿಡಿದು ಗೊರೇಬಾಳದಿಂದ ಸಿಂಧನೂರಿನ ನಮ್ಮ ಮನೆಗೆ ಬಂದಳು. "ಮಗಳು ಕವಿತಾ ಓದ್ತಾಳ ಅಕ್ಕಾ, ನೀನೂ ಬರಬೇಕು" ಎಂದಳು. ಹುಡುಗಿ ಆಗ ಆರನೇ ಇಯತ್ತೆ. ನಮ್ಮ ಕಡೆಯದೇ ಒಂದು ಕಲಾ ಉತ್ಸವ. ಪತ್ರಿಕೆಯಲ್ಲಿ ಮಕ್ಕಳ ಕವಿಗೋಷ್ಠಿ ಬೆಳಿಗ್ಗೆ 10ಕ್ಕೆ, ಒಬ್ಬೊಬ್ಬರಿಗೆ ಐದು ನಿಮಿಷ ಎಂದಿತ್ತು.

ಮೆರವಣಿಗೆ ಬಂದು ಮುಟ್ಟಿದಾಗ ಹನ್ನೊಂದೂವರೆ. ಕುಂಭ ಹೊತ್ತ ಹೆಣ್ಣುಮಕ್ಕಳು ಬಿಸಿಲಲ್ಲಿ ಒಂದು ಗಂಟೆ ನಿಂತಿದ್ದರು. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ ಮುಗಿಯುವ ಹೊತ್ತಿಗೆ ಊಟದ ವಾಸನೆ ಬರತೊಡಗಿತು. ಐದು ನಿಮಿಷ ಎರಡಾಯಿತು. ನಮ್ಮ ಹುಡುಗಿ ನಾಡುನುಡಿಯ ಮೇಲಿನ ಒಂದು ಪದ್ಯವನ್ನು ಒಂದೇ ಉಸಿರಿಗೆ ಒಪ್ಪಿಸಿ, ಕೈಮುಗಿದು ಇಳಿದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ಜೋರಾಗಿಯೇ ತಟ್ಟಿದೆ.

ಶಾಮಿಯಾನದ ಹಿಂದೆ ಬಂದು ಅವಳು ನನ್ನ ಸೆರಗು ಹಿಡಿದಳು. "ದೊಡ್ಡವ್ವಾ, ಅದು ನಂದಲ್ಲ. ಸರ್ ಬರದು ಕೊಟ್ಟಿದ್ದು. ನಂದು ಬ್ಯಾರೆ ಐತಿ."

ಅವಳದು ಬೆಳ್ಳಕ್ಕಿಯ ಮೇಲಿನ ಪದ್ಯ. ಸಸಿ ಹಚ್ಚುವ ಗದ್ದೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ದಿನವಿಡೀ ನಡೆದರೂ ಹಕ್ಕಿಗೆ ಕೆಸರು ಹತ್ತುವುದಿಲ್ಲ, ಅವ್ವನ ಸೀರೆಗೆ ಮಾತ್ರ ಹತ್ತುತ್ತದೆ, ಯಾಕೆ? ಇಷ್ಟೇ ಅದರ ವಿಷಯ. ಪ್ರಾಸ ಎರಡು ಕಡೆ ತಪ್ಪಿತ್ತು. ಆದರೆ ಅಲ್ಲಿ ಗದ್ದೆ ಇತ್ತು, ಅವ್ವ ಇದ್ದಳು, ಒಂದು ನಿಜವಾದ ಪ್ರಶ್ನೆ ಇತ್ತು. ಅವತ್ತು ವೇದಿಕೆಯಿಂದ ಕೇಳಿದ ಯಾವ ಪದ್ಯದಲ್ಲೂ ಈ ಮೂರು ಒಟ್ಟಿಗೆ ಸಿಗಲಿಲ್ಲ.

ಮಧ್ಯಾಹ್ನದ ದೊಡ್ಡವರ ಕವಿಗೋಷ್ಠಿ ಇದಕ್ಕಿಂತ ಭಿನ್ನವಾಗಿತ್ತೆಂದು ಹೇಳಲಾರೆ. ತಮ್ಮ ಸರದಿ ಮುಗಿದ ಕವಿಗಳು ಪ್ರಮಾಣಪತ್ರ ಹಿಡಿದು ಒಬ್ಬೊಬ್ಬರೇ ಹೊರಬಿದ್ದರು. ಕೊನೆಯ ಕವಿಯ ಮುಂದೆ ಉಳಿದವರು ಕುರ್ಚಿ ಎತ್ತುವ ಹುಡುಗರು. ಓದುವವರು ಬೇಕಾದಷ್ಟಿದ್ದರು, ಕೇಳುವವರು ಇರಲಿಲ್ಲ. ಕೇಳುವುದನ್ನು ಬಿಟ್ಟ ದೊಡ್ಡವರು ಮಕ್ಕಳಿಗೆ ಒಪ್ಪಿಸುವುದನ್ನಲ್ಲದೆ ಬೇರೇನು ಕಲಿಸಿಯಾರು?

ಹೀಗೇ ಇರಬೇಕೆಂದು ನಮ್ಮ ಜಿಲ್ಲೆಯ ಹಣೆಯಲ್ಲೇನೂ ಬರೆದಿಲ್ಲ. 1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಆಗ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತವೂ ಮೇಲಿನ ತರಗತಿಗಳ ಓದೂ ಉರ್ದುವಿನಲ್ಲಿ. ಅಂಥ ಊರಿನಲ್ಲಿ ಸೇರಿದ ಹಿರಿಯರ ಸಭೆಯ ಅಧ್ಯಕ್ಷ ಪೀಠದಲ್ಲಿ ಕೂತವರು ಪಂಜೆ ಮಂಗೇಶರಾಯರು. ಶಾಲೆಗಳ ತನಿಖಾಧಿಕಾರಿಯಾಗಿ ದುಡಿದವರು, 'ಕವಿಶಿಷ್ಯ'ನೆಂಬ ಹೆಸರಿಟ್ಟುಕೊಂಡು ಬರೆದವರು, ಹಾವಿನ ಮೇಲೂ ಸಿಗಡಿ ಮೀನಿನ ಮೇಲೂ ಮಕ್ಕಳಿಗಾಗಿ ಪದ್ಯ, ಕಥೆ ಕಟ್ಟಿದವರು. ಮಕ್ಕಳಿಗೆ ಬರೆಯುವವರನ್ನು ಪತ್ರಿಕೆಯ ತಳಕ್ಕೆ ತಳ್ಳದೆ ಎಲ್ಲರಿಗಿಂತ ಮೇಲೆ ಕೂರಿಸಿದ ಊರು ನಮ್ಮದು. ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಗಿಂತ ನಾಚಿಕೆಯೇ ಹೆಚ್ಚು.

ಅವಿಭಜಿತ ರಾಯಚೂರು ಜಿಲ್ಲೆಯ ದ್ಯಾಂಪುರದ ಸಿದ್ಧಯ್ಯ ಪುರಾಣಿಕರೂ ಹಾಗೆಯೇ. ದೊಡ್ಡ ಸರಕಾರಿ ಅಧಿಕಾರಿಯಾಗಿದ್ದವರು, 'ಕಾವ್ಯಾನಂದ'ರೆಂದು ಹೆಸರಾದವರು. ಆದರೂ 'ತುಪ್ಪಾ ರೊಟ್ಟಿ ಗೇ ಗೇ ಗೇ' ಎಂದು ಮಕ್ಕಳ ಪದ್ಯಗಳ ಪುಸ್ತಕ ಕೊಡಲು ಅವರಿಗೆ ಸಂಕೋಚವಾಗಲಿಲ್ಲ.

ಸಾಹಿತ್ಯವೆಂಬ ದೊಡ್ಡ ಮಾತು ಬರುವುದಕ್ಕೆ ಮೊದಲೂ ನಮ್ಮಲ್ಲಿ ಕೇಳುವ ರೂಢಿ ಇತ್ತು. ಮೊಹರಂ ಬಂತೆಂದರೆ ಮುದಗಲ್ಲಿನಿಂದ ಹಿಡಿದು ಸಣ್ಣ ಹಳ್ಳಿಗಳವರೆಗೆ ಅಲಾಯಿ ಕುಣಿಯ ಸುತ್ತ ಹಾಡು ಏಳುತ್ತದೆ. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ, ಮುಸಲ್ಮಾನರೂ ಇರುತ್ತಾರೆ. ನಾನು ಚಿಕ್ಕವಳಿದ್ದಾಗ ಅಜ್ಜಿಯ ಮಡಿಲಲ್ಲಿ ಅರೆನಿದ್ದೆಯಲ್ಲೇ ಆ ಹಾಡು ಕೇಳಿದವಳು. ಅರ್ಥ ಎಷ್ಟಾಯಿತೋ ಬಿಟ್ಟಿತೋ, ಹಸೇನ ಹುಸೇನರಿಗಾಗಿ ಅಜ್ಜಿ ಕಣ್ಣೊರೆಸಿಕೊಂಡದ್ದು ನೆನಪಿದೆ. ಅಲ್ಲಿ ಮಕ್ಕಳ ಗೋಷ್ಠಿ ಬೇರೆ, ಹೆಂಗಸರ ಗೋಷ್ಠಿ ಬೇರೆ ಎಂದು ಹಗ್ಗ ಕಟ್ಟಿರಲಿಲ್ಲ. ಕಥೆ ಒಂದೇ, ಅವರವರಿಗೆ ದಕ್ಕಿದಷ್ಟು.

ಅಂಥ ಹೊತ್ತು ನನಗೆ ಮತ್ತೆ ಸಿಕ್ಕಿದ್ದು 2016ರ ಡಿಸೆಂಬರಿನಲ್ಲಿ. ರಾಯಚೂರಿನಲ್ಲಿ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ 82ನೇ ಸಮ್ಮೇಳನ. ನೋಟು ರದ್ದಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ನನ್ನ ಪರ್ಸಿನಲ್ಲಿ ಎರಡು ಸಾವಿರದ ಒಂದೇ ನೋಟು, ಜೊತೆಯಲ್ಲಿ ಮೊಮ್ಮಗ. ಚಿಲ್ಲರೆ ಯಾರ ಬಳಿಯೂ ಇಲ್ಲ. ಪುಸ್ತಕದಂಗಡಿಯವರು "ತಾಯಿ, ಅವನು ಇಲ್ಲೇ ಕೂತು ಓದಲಿ ಬಿಡ್ರಿ" ಎಂದು ಮೇಜಿನ ಕೆಳಗೆ ಜಾಗ ಮಾಡಿಕೊಟ್ಟರು. ಅವನು ಕೂತ, ಅವನ ಪಕ್ಕಕ್ಕೆ ಇನ್ನಿಬ್ಬರು ಗುರುತಿಲ್ಲದ ಹುಡುಗರು ಕೂತರು. ಒಬ್ಬ ಓದಿದ, ಇಬ್ಬರು ಕೇಳಿದರು. ಪುಟ ತಿರುವಲು ಜಗಳವಾಯಿತು. ಮೂರು ದಿನದ ಸಮ್ಮೇಳನದಲ್ಲಿ ನಾನು ಕಂಡ ಒಳ್ಳೆಯ ಗೋಷ್ಠಿ ಅದೇ. ಅದಕ್ಕೆ ಅಧ್ಯಕ್ಷರಿರಲಿಲ್ಲ.

ಸಂಘಟಕರ ಕಷ್ಟ ನನಗೆ ತಿಳಿಯದ್ದಲ್ಲ. ಮಗು ವೇದಿಕೆ ಹತ್ತದಿದ್ದರೆ ತಂದೆತಾಯಿ ಬರುವುದಿಲ್ಲ. ಹಣ ಕೊಟ್ಟವರನ್ನು ಮುಂದೆ ಕೂರಿಸದಿದ್ದರೆ ಮುಂದಿನ ವರ್ಷ ಶಾಮಿಯಾನ ಏಳುವುದಿಲ್ಲ. ಫೋಟೋಕ್ಕಾಗಿ ಮುಂದೆ ನುಗ್ಗುವ ತಾಯಂದಿರಲ್ಲಿ ನಾವೂ ಇದ್ದೇವಲ್ಲ! ಆದರೂ ಕೇಳುತ್ತೇನೆ: ಮೂರು ದಿನದ ಉತ್ಸವದಲ್ಲಿ ಒಂದೇ ಒಂದು ಗಂಟೆ, ಬಿಸಿಲೇರುವ ಮೊದಲು, ಜಮಖಾನೆ ಹಾಸಿ, ಸ್ವಾಗತ-ವಂದನಾರ್ಪಣೆ ಎರಡನ್ನೂ ಬಿಟ್ಟು, ಯಾರಾದರೂ ಒಂದು ಕಥೆ ಓದಿದರೆ, ಮಕ್ಕಳೂ ದೊಡ್ಡವರೂ ಒಟ್ಟಿಗೆ ಕೂತು ಕೇಳಿದರೆ, ಆಮೇಲೆ ಮಕ್ಕಳು ತಾವೇ ಬರೆದದ್ದನ್ನು ಪ್ರಾಸ ತಪ್ಪಿದ್ದರೂ ಓದಿದರೆ, ಖರ್ಚೇನು? ಒಂದು ಜಮಖಾನೆ.

ಮೊನ್ನೆ ಈ ವರ್ಷದ ಪತ್ರಿಕೆ ಬಂತು. ತಂದವಳು ಅದೇ ಹುಡುಗಿ. ಈಗ ಹತ್ತನೇ ಇಯತ್ತೆ. ಮಕ್ಕಳ ಗೋಷ್ಠಿಯ ನಿರೂಪಣೆಗೆ ಅವಳನ್ನೇ ಕರೆದಿದ್ದಾರಂತೆ. ಬೆಳ್ಳಕ್ಕಿಯ ಪದ್ಯ ಇದೆಯೇ ಎಂದು ಕೇಳಿದೆ. "ಹಳೇ ನೋಟ್‌ಬುಕ್ಕಿನಾಗಿತ್ತು ದೊಡ್ಡವ್ವಾ. ರದ್ದಿಗೆ ಹೋತು" ಎಂದಳು, ಅದೇನು ದೊಡ್ಡದಲ್ಲ ಎಂಬಂತೆ. ನನಗೆ ಮಾತು ಹೊರಡಲಿಲ್ಲ. ಅವತ್ತೇ ನಾನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬಹುದಿತ್ತು.

ಚಹಾ ಕುಡಿದು ಎದ್ದವಳು ಬಾಗಿಲಲ್ಲಿ ನಿಂತು ಹೇಳಿದಳು: "ನಾನು ಒಂದ ಮಾತು ಕೇಳೀನಿ. ಮಾಲಿ-ಗೀಲಿ ಆಮ್ಯಾಲ ಹಾಕ್ರಿ, ಮೊದಲ ಸಣ್ಣ ಹುಡುಗರು ತಮ್ಮವು ಓದಲಿ ಅಂತ. ನೋಡೋಣ ಅಂದಾರ."

ನೋಡೋಣ. ಈ ಸಲ ನಾನು ಚೀಟಿ, ಪೆನ್ನು ಎರಡನ್ನೂ ಪರ್ಸಿನಲ್ಲಿಟ್ಟುಕೊಂಡು ಹೊರಟಿದ್ದೇನೆ.