ಅರಮನೆ ಮೈದಾನದ ಸಾಕ್ಷಿಗಳು

ರಾಕ್ ಮತ್ತು ಮೆಟಲ್ ಸಂಗೀತದಲ್ಲಿ ಅಭಿರುಚಿಯುಳ್ಳ ಇಬ್ಬರು ಮಡಿಕೇರಿಯಲ್ಲಾಗಲಿ, ವಿರಾಜಪೇಟೆಯಲ್ಲಾಗಲಿ, ಗೋಣಿಕೊಪ್ಪಲಿನ ಸಂತೆಯಲ್ಲಾಗಲಿ ಮೊದಲ ಬಾರಿಗೆ ಸಂಧಿಸಿದರೆ, ಕುಶಲಪ್ರಶ್ನೆಗಳು ಮುಗಿದು, ಕಾಫಿಯ ಧಾರಣೆಯ ಮಾತೂ ಕರಿಮೆಣಸಿನ ಫಸಲಿನ ಮಾತೂ ತೀರಿದ ಮೇಲೆ, ಅವರಲ್ಲೊಬ್ಬರು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: 2007ರಲ್ಲಿ ನೀವು ಅರಮನೆ ಮೈದಾನಕ್ಕೆ ಹೋಗಿದ್ದಿರಾ? ಆ ವರ್ಷದ ಮಾರ್ಚ್ 17ರ ಶನಿವಾರ ಸಂಜೆ ಬೆಂಗಳೂರಿನ ಆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ತಂಡ ನುಡಿಸಿತು. ಹೋಗಿದ್ದೆನೆಂಬ ಉತ್ತರ ಬಂದೊಡನೆ ಅಪರಿಚಿತರಾಗಿದ್ದವರು ಹಳೆಯ ಸ್ನೇಹಿತರಾಗುವರು. ಹೋಗಲಿಲ್ಲವೆಂದರೆ, ಹೋದವನು ಹೋಗದವನಿಗೆ ಆ ಸಂಜೆಯನ್ನು ಮೊದಲಿನಿಂದ ಕಡೆಯವರೆಗೆ ಹೇಳಿ ಮುಗಿಸುವ ತನಕ ಇಬ್ಬರೂ ಏಳುವುದಿಲ್ಲ. ಈ ಬಗೆಯ ಮಾತುಕತೆಯನ್ನು ಕಾಲಹರಣವೆಂದು ಎಣಿಸುವವರುಂಟು. ನನ್ನ ಮಟ್ಟಿಗೆ ಇದೊಂದು ವಿದ್ಯೆ. ಈ ವಿದ್ಯೆಯನ್ನು ಕೈತಪ್ಪಿಹೋಗದಂತೆ ಉಳಿಸಿಕೊಳ್ಳಬೇಕಾದ ಕಾಲ ಈಗ ಬಂದಿದೆ ಎಂಬುದನ್ನು ನಿವೇದಿಸಲೆಂದೇ ಈ ವಾರದ ಅಂಕಣವನ್ನು ಮೀಸಲಿಟ್ಟಿದ್ದೇನೆ.

ಈ ವಿದ್ಯೆಗೆ ಎರಡು ಅಂಗಗಳಿವೆ: ಒಂದು ಪರಂಪರೆಯ ಜ್ಞಾನ, ಇನ್ನೊಂದು ಪ್ರತ್ಯಕ್ಷ ಶ್ರವಣದ ಸ್ಮೃತಿ. ಪರಂಪರೆಯ ಜ್ಞಾನವೆಂದರೆ ಬ್ಯಾಂಡುಗಳ ವಂಶಾವಳಿ. ಯಾರು ಯಾವಾಗ ಸೇರಿದರು, ಯಾರು ಏಕೆ ತೊರೆದರು, ಯಾವ ಆಲ್ಬಮಿನಲ್ಲಿ ನಾದ ಬದಲಾಯಿತು ಎಂಬುದರ ಅರಿವು. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಗಿಟಾರುವಾದಕ ಟೋನಿ ಅಯೋಮಿ 17ನೆಯ ವಯಸ್ಸಿನಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡನೆಂಬುದನ್ನೂ, ಎಡಗೈಯಿಂದ ಮೀಟುವವನಾದುದರಿಂದ ತಂತಿಯನ್ನೊತ್ತುವ ಬೆರಳುಗಳೇ ಅವಾಗಿದ್ದುವೆಂಬುದನ್ನೂ, ಪ್ಲಾಸ್ಟಿಕ್ಕನ್ನು ಕರಗಿಸಿ ತಾನೇ ಬೆರಳತುದಿಗೆ ಕವಚ ಮಾಡಿಕೊಂಡು, ತೆಳುವಾದ ತಂತಿಗಳನ್ನು ಕಟ್ಟಿ, ನುಡಿಸುವುದನ್ನು ಮರಳಿ ಕಲಿತನೆಂಬುದನ್ನೂ, 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮಿನ ಹೊತ್ತಿಗೆ ಹಲವು ಹಾಡುಗಳಲ್ಲಿ ಶ್ರುತಿಯನ್ನು ಮೂರು ಅರ್ಧಸ್ವರಗಳಷ್ಟು ಕೆಳಗಿಳಿಸಿದನೆಂಬುದನ್ನೂ ಅರಿತವನಿಗೆ, ಬ್ಲ್ಯಾಕ್ ಸಬ್ಬತ್ ತಂಡದ ಆ ಮಂದ್ರಗಂಭೀರವಾದ ರಿಫ್ಫುಗಳು ಬರಿಯ ಅಬ್ಬರವಾಗಿ ಕೇಳಿಸವು. ಅಂಗಹಾನಿಯನ್ನು ಗೆದ್ದ ಕುಶಲತೆಯಾಗಿ ಕೇಳಿಸುವುವು. ಆದರೆ ಇಂಥ ಜ್ಞಾನ ಪುಸ್ತಕಗಳಲ್ಲಿ ಉಂಟು, ಬೇಕಾದವರು ಓದಿಕೊಳ್ಳಬಹುದು. ಎರಡನೆಯ ಅಂಗವಾದರೋ ಕೇಳಿದವರ ಮನಸ್ಸಿನಲ್ಲಲ್ಲದೆ ಬೇರೆಲ್ಲಿಯೂ ಇಲ್ಲ.

ರೈಲುಮಾರ್ಗವೇ ಇಲ್ಲದ ಕೊಡಗಿನ ಈ ಗುಡ್ಡಗಾಡಿಗೆ ಈ ಸಂಗೀತ ಹೇಗೆ ಬಂದಿತೆಂದು ಹೊರಗಿನವರು ಆಶ್ಚರ್ಯಪಡುವರು. ಬೆಂಗಳೂರು, ಮೈಸೂರು, ಮಂಗಳೂರುಗಳ ಕಾಲೇಜುಗಳಿಗೆ ಓದಲು ಹೋದ ಹುಡುಗ ಹುಡುಗಿಯರ ಚೀಲಗಳಲ್ಲಿ ಕ್ಯಾಸೆಟ್ಟುಗಳ ರೂಪದಲ್ಲಿ ಬಂದಿತು; ಆ ಒಂದು ಕ್ಯಾಸೆಟ್ಟಿನಿಂದ ಇನ್ನೊಂದು, ಅದರಿಂದ ಮತ್ತೊಂದು ಪ್ರತಿಯಾಗುತ್ತ, ಪ್ರತಿಸಲವೂ ನಾದ ಸ್ವಲ್ಪ ಮಸುಕಾಗುತ್ತ, ಮಸುಕಾದಷ್ಟೂ ಕೇಳುವವರ ಕಿವಿ ಸೂಕ್ಷ್ಮವಾಗುತ್ತ, ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹಬ್ಬಿತು. 1993ರಲ್ಲಿ ಅಲಹಾಬಾದಿನಿಂದ ಹೊರಡಲಾರಂಭಿಸಿದ ‘ರಾಕ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯ ಸಂಚಿಕೆಯೊಂದು ಕೈಗೆ ಸಿಕ್ಕಿದರೆ, ಅದು ಹಾಳೆಗಳು ಬಿಡಿಬಿಡಿಯಾಗುವವರೆಗೆ ಕೈಯಿಂದ ಕೈಗೆ ಸಾಗುತ್ತಿತ್ತು. ಅದಕ್ಕೂ ಬಹು ಹಿಂದೆ, ಕೊಡವ ಮನೆತನದ ಬಿದ್ದು ಅಪ್ಪಯ್ಯ ಬೆಂಗಳೂರಿನಲ್ಲಿ ‘ಟ್ರೋಜನ್ಸ್’ ಎಂಬ ತಂಡವನ್ನು ಕಟ್ಟಿ, ಬಳಿಕ ಒಬ್ಬರೇ ಗಿಟಾರನ್ನು ಹೆಗಲಿಗೇರಿಸಿ 1960ರ ದಶಕದಲ್ಲಿ ಇಂಗ್ಲೆಂಡಿಗೆ ತೆರಳಿ, 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಗೀತೆಯ ನಿರ್ಮಾಪಕರಾಗಿ ಇಂಗ್ಲೆಂಡು ಅಮೆರಿಕಗಳೆರಡರಲ್ಲಿಯೂ ಆ ಗೀತೆಯನ್ನು ಪ್ರಥಮಸ್ಥಾನಕ್ಕೇರಿಸಿದ್ದರು. ಅವರದು ಮೆಟಲ್ ಸಂಗೀತವಲ್ಲ, ನಿಜ. ಆದರೆ ವಿದ್ಯುತ್ ಗಿಟಾರಿನ ಜಗತ್ತು ಕೊಡಗಿನವರಿಗೆ ಮುಚ್ಚಿದ ಬಾಗಿಲಲ್ಲವೆಂಬುದನ್ನು ಮೊದಲು ತೋರಿಸಿಕೊಟ್ಟವರಲ್ಲಿ ಅವರೊಬ್ಬರು.

ಮೇಲಾಗಿ, ಉಚ್ಚನಾದವೂ ದೇಹದ ಚಲನೆಯೂ ಒಂದಾಗುವ ಸುಖ ಈ ನಾಡಿಗೆ ಹೊಸದೇನಲ್ಲ. ಮದುವೆಯ ಮನೆಯಲ್ಲಿ ವಾಲಗದ ಪೆಟ್ಟು ಬಿದ್ದೊಡನೆ ಎಪ್ಪತ್ತರ ಹಿರಿಯರೂ ಎದ್ದು ಕುಣಿಯುವುದನ್ನೂ, ಮಡಿಕೇರಿ ದಸರಾದ ರಾತ್ರಿ ದಶಮಂಟಪಗಳ ಧ್ವನಿವರ್ಧಕಗಳು ಎದೆಯನ್ನೇ ಅದುರಿಸುವಾಗ ಮಕ್ಕಳು ತಂದೆಯ ಹೆಗಲ ಮೇಲೆ ಕುಳಿತು ನಗುವುದನ್ನೂ ಕಂಡವರು, ಗದ್ದಲವೆಂಬ ಒಂದೇ ಮಾತಿನಿಂದ ಮೆಟಲ್ ಸಂಗೀತವನ್ನು ತಳ್ಳಿಹಾಕಲಾರರು. 2012ರಲ್ಲಿ ಸ್ಟಾರ್ಮ್ ಎಂಬ ಸಂಗೀತೋತ್ಸವ ಕೊಡಗಿನಲ್ಲಿಯೇ ನಡೆದು, ಊರೂರಿನ ರಸಿಕರು ಇಲ್ಲಿ ಡೇರೆಗಳಲ್ಲಿ ತಂಗಿ ಬ್ಯಾಂಡುಗಳನ್ನು ಕೇಳಿದ್ದೂ ಉಂಟು.

ಆದರೂ ನಮ್ಮ ಕಡೆಯ ರಸಿಕರ ಸ್ಮೃತಿಯ ಕೇಂದ್ರವೆಂದರೆ ಬೆಂಗಳೂರಿನ ಅರಮನೆ ಮೈದಾನವೇ. ಆ ಮೈದಾನದಲ್ಲಿ 2002ರ ಏಪ್ರಿಲಿನಲ್ಲಿ ಪಿಂಕ್ ಫ್ಲಾಯ್ಡ್ ಖ್ಯಾತಿಯ ರಾಜರ್ ವಾಟರ್ಸ್ ಹಾಡಿದರು. ಮರುವರ್ಷದ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬಂದರು. 2005ರಲ್ಲಿ ಮಾರ್ಕ್ ನಾಫ್ಲರ್ ಬಂದರು. ಇವರೆಲ್ಲ ಪೂಜ್ಯರು. ಆದರೆ ಮೆಟಲ್ ಸಂಗೀತವನ್ನೇ ಉಸಿರಾಗಿ ಮಾಡಿಕೊಂಡವರಿಗೆ 2007ರ ಆ ಶನಿವಾರ ಯುಗಾದಿಯಿದ್ದಂತೆ. ಅದರ ಹಿಂದಿನದೆಲ್ಲ ಒಂದು ಕಾಲ, ಮುಂದಿನದೆಲ್ಲ ಇನ್ನೊಂದು ಕಾಲ. ಮಡಿಕೇರಿಯಿಂದ ಕುಶಾಲನಗರ, ಮೈಸೂರುಗಳ ಮಾರ್ಗವಾಗಿ ಸುಮಾರು 250 ಕಿಲೋಮೀಟರು ದೂರದ ಆ ಮೈದಾನಕ್ಕೆ, ಮನೆಯಲ್ಲಿ ಬೇರೆ ಏನೋ ಕೆಲಸದ ನೆಪ ಹೇಳಿ ಬಸ್ಸು ಹತ್ತಿದವರು, ಕೊಯ್ಲಿನ ಕೂಲಿಯನ್ನು ಬಟವಾಡೆ ಮಾಡಿ ಅದೇ ಜೀಪಿನಲ್ಲಿ ಹೊರಟವರು, ಅಣ್ಣನ ಕಪ್ಪು ಟೀ ಶರ್ಟನ್ನು ಎರವಲು ಪಡೆದು ಬಂದವರು, ಎಲ್ಲರೂ ಇದ್ದರು. ಆ ಜನಸ್ತೋಮದ ನಡುವೆ ನಾನೂ ಇದ್ದೆ. 1975ರಲ್ಲಿ ಈ ತಂಡವನ್ನು ಕಟ್ಟಿದ ಸ್ಟೀವ್ ಹ್ಯಾರಿಸ್ ತನ್ನ ಬಾಸ್ ಗಿಟಾರಿನ ತಂತಿಗಳನ್ನು ಬರಿಯ ಬೆರಳುಗಳಿಂದ ಮೀಟಿ ಎಬ್ಬಿಸುವ ಆ ಅಶ್ವಧಾಟಿಯ ಲಯವನ್ನು ಅಷ್ಟು ವರ್ಷ ಟೇಪಿನಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದವರಿಗೆ, ಅದು ಕಿವಿಯಿಂದಲ್ಲದೆ ನೆಲದಿಂದ ಅಂಗಾಲಿನ ಮೂಲಕ ಮೈಗೇರಿ ಬಂದಾಗ ಆದ ಅನುಭವವನ್ನು ಯಾವ ಧ್ವನಿಮುದ್ರಣವೂ ಕೊಡಲಾರದು. ಡೇವ್ ಮರ್‍ರೆ, ಏಡ್ರಿಯನ್ ಸ್ಮಿತ್, ಯಾನಿಕ್ ಗರ್ಸ್ ಮೂವರ ಗಿಟಾರುಗಳು ಒಂದರ ನೆರಳಿನಲ್ಲೊಂದು ಸಾಗುವ ಸಂವಾದಿತ್ವವೂ, ‘ಫಿಯರ್ ಆಫ್ ದ ಡಾರ್ಕ್’ ಬಂದಾಗ ಸಾಹಿತ್ಯವಿಲ್ಲದ ಗಿಟಾರಿನ ಸ್ವರಪಂಕ್ತಿಯನ್ನೇ ಇಡೀ ಮೈದಾನ ಕಂಠವೆತ್ತಿ ಹಾಡಿದ್ದೂ, ಅಲ್ಲಿದ್ದವರ ಆಯುಷ್ಯದ ಆಸ್ತಿ.

ಅದರ ಬೆನ್ನಿಗೆ ಬಂದ ವರ್ಷಗಳನ್ನು ನಮ್ಮವರು ಪಂಚಾಂಗದ ತಿಥಿಗಳಷ್ಟು ನಿಖರವಾಗಿ ಹೇಳಬಲ್ಲರು. 2008ರ ಮಾರ್ಚ್ 14ರಂದು ಮೆಗಾಡೆತ್ ಮತ್ತು ಮಷೀನ್ ಹೆಡ್. 2009ರ ಫೆಬ್ರವರಿ 15ರಂದು ಮತ್ತೆ ಐರನ್ ಮೇಡನ್. 2010ರ ಮೇ ತಿಂಗಳಲ್ಲಿ ಲ್ಯಾಂಬ್ ಆಫ್ ಗಾಡ್. 2011ರ ಅಕ್ಟೋಬರ್ 30ರ ಭಾನುವಾರ ಮೆಟಾಲಿಕಾ. ಈ ಕೊನೆಯದಕ್ಕೆ ಎರಡೇ ದಿನ ಹಿಂದೆ ಗುರುಗ್ರಾಮದಲ್ಲಿ ನಡೆಯಬೇಕಾಗಿದ್ದ ಅದೇ ತಂಡದ ಕಛೇರಿ ರದ್ದಾಗಿ, ಅಲ್ಲಿ ನಿರಾಶರಾದ ಜನ ಸಿಕ್ಕಿದ ವಾಹನ ಹಿಡಿದು ಬೆಂಗಳೂರಿಗೆ ಧಾವಿಸಿದ್ದರು. ದೆಹಲಿಯಿಂದ ಬಂದವನೂ ಸೋಮವಾರಪೇಟೆಯಿಂದ ಬಂದವನೂ ಹೆಗಲಿಗೆ ಹೆಗಲು ತಾಗಿಸಿ ನಿಂತು, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದಿದ್ದರೂ ಒಂದೇ ಹಾಡನ್ನು ಒಂದೇ ಕಂಠದಲ್ಲಿ ಹಾಡಿದ ಆ ಸಂಜೆಯ ವೃತ್ತಾಂತವನ್ನು ನಾನು ಅನೇಕರ ಬಾಯಲ್ಲಿ ಕೇಳಿದ್ದೇನೆ. ಕೇಳಿದಷ್ಟು ಸಲವೂ ಅದರಲ್ಲಿ ಹೊಸದೊಂದು ವಿವರ ದೊರೆತಿದೆ.

ಒಂದೇ ಕಛೇರಿಯನ್ನು ಕೇಳಿದ ಇಬ್ಬರ ನೆನಪುಗಳು ಒಂದೇ ಆಗಿರುವುದಿಲ್ಲವಷ್ಟೆ. ಇದನ್ನು ಸ್ಮೃತಿಯ ದೋಷವೆಂದು ತಳ್ಳುವುದು ಅವಿವೇಕ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುವುದರಿಂದ, ವೇದಿಕೆಯಿಂದ ನೂರು ಮೀಟರು ಹಿಂದೆ ನಿಂತವನಿಗೆ ಡ್ರಮ್ಮಿನ ಪೆಟ್ಟು ಕಣ್ಣಿಗೆ ಕಂಡಮೇಲೆ ಕಿವಿಗೆ ಬೀಳುವುದು. ಮುಂದಿನ ಸಾಲಿನವನಿಗೆ ಡ್ರಮ್ಮುಗಳೂ ಗಿಟಾರಿನ ಆಂಪ್ಲಿಫೈಯರುಗಳೂ ನೇರವಾಗಿ ಮೈಮೇಲೆ ಬಂದು ಗಾಯಕನ ಕಂಠ ಹಿಂದೆ ಸರಿಯುವುದು. ಶಬ್ದವನ್ನು ಹದಗೊಳಿಸುವ ಮಿಕ್ಸಿಂಗ್ ಮೇಜಿನ ಬಳಿ ನಿಂತವನಿಗೆ ಮಾತ್ರ ಎಲ್ಲವೂ ಸಮತೋಲವಾಗಿ ಕೇಳುವುದು. ಆದುದರಿಂದ ಬಲ್ಲವರು ನೆನಪನ್ನು ಕೇಳುವಾಗ ಮೊದಲು ವಿಚಾರಿಸುವುದು, ನೀವು ಎಲ್ಲಿ ನಿಂತಿದ್ದಿರಿ ಎಂಬುದನ್ನು. ಮಾಶ್ ಪಿಟ್ಟಿನಲ್ಲಿ ಸುತ್ತಿದವನ ಸಾಕ್ಷ್ಯ ಬೇರೆ, ಬೇಲಿಗೊರಗಿ ತಲೆದೂಗಿದವನ ಸಾಕ್ಷ್ಯ ಬೇರೆ. ಎರಡನ್ನೂ ಕೂಡಿಸಿದಾಗ ಆ ಸಂಜೆ ಪೂರ್ಣವಾಗುವುದು.

ದೊಡ್ಡ ತಂಡಗಳ ವಿಷಯದಲ್ಲಿ ಇಷ್ಟು ಆತಂಕ ಬೇಡ. ಅವರ ಸೆಟ್‌ಲಿಸ್ಟುಗಳನ್ನು ಜಗತ್ತು ಬರೆದಿಟ್ಟುಕೊಂಡಿದೆ. ನನ್ನ ಕಳವಳವೆಲ್ಲ ನಮ್ಮ ನಾಡಿನ ಬ್ಯಾಂಡುಗಳ ಕುರಿತು. 1980ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಿಲೆನಿಯಂ ತಂಡವನ್ನು ನಮ್ಮಲ್ಲಿ ಹಿರಿಯರಾದವರು ಇಂದಿಗೂ ಆದರದಿಂದ ಸ್ಮರಿಸುವರು. 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಕಟ್ಟಿದ ಕ್ರಿಪ್ಟೋಸ್ ತಂಡ 2004ರಲ್ಲಿ ‘ಸ್ಪೈರಲ್ ಅಸೆಂಟ್’ ಎಂಬ ಮೊದಲ ಆಲ್ಬಮನ್ನು ಹೊರತಂದು, 2010ರಲ್ಲಿ ಯೂರೋಪಿನಲ್ಲಿ ಪ್ರವಾಸ ಮಾಡಿ, 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ಆ ಕೀರ್ತಿ ದಾಖಲಾಗಿದೆ. ಆದರೆ ಆಲ್ಬಮನ್ನೇ ಹೊರತರದೆ ಕರಗಿಹೋದ ತಂಡಗಳೆಷ್ಟು, ಕಾಲೇಜು ಉತ್ಸವಗಳಲ್ಲಿ ಒಂದೆರಡು ವರ್ಷ ಮಿಂಚಿ ಉದ್ಯೋಗಗಳ ಹಾದಿ ಹಿಡಿದ ಗಿಟಾರುವಾದಕರೆಷ್ಟು, ಆಗಸ್ಟ್ 15ರ ಆಸುಪಾಸಿನ ಫ್ರೀಡಂ ಜಾಮ್ ಸಂಗೀತೋತ್ಸವದಲ್ಲಿ ಕಾಸು ಕೊಡದೆ ಕೇಳಿ ಕೃತಾರ್ಥರಾದ ಹಾಡುಗಳೆಷ್ಟು! ಅವೆಲ್ಲ ಕೇಳಿದವರ ಮನಸ್ಸಿನಲ್ಲಿ ಮಾತ್ರ ಇವೆ. ಆ ಮನಸ್ಸುಗಳೊಡನೆಯೇ ಅಳಿಯುವುವು.

ಇಂಥ ಸಂಕಟಕ್ಕೆ ಪರಿಹಾರವನ್ನು ಕೊಡಗು ನೂರು ವರ್ಷಗಳ ಹಿಂದೆಯೇ ಕಂಡುಕೊಂಡಿದೆ. ನಾಲ್ವರು ದುಡಿ ಬಾರಿಸುತ್ತ ಹಾಡುವ ಹಾಡುಗಳು ತಲೆತಲಾಂತರದಿಂದ ಬಾಯಿಂದ ಬಾಯಿಗೆ ಮಾತ್ರ ಸಾಗಿ ಬಂದಿದ್ದ ಕಾಲದಲ್ಲಿ, ಪೊಲೀಸ್ ಅಧಿಕಾರಿಯಾಗಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಹಾಡುಗಾರರ ಬಾಯಿಂದ ಕೇಳಿ, ಕೊಡವ ತಕ್ಕನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಗ್ರಂಥವಾಗಿ ಪ್ರಕಟಿಸಿದರು. ಆ ಗ್ರಂಥದ ಬಹುಭಾಗ ಹಾಡುಗಳೇ. ಅಂದು ಅವರು ಲೇಖನಿ ಹಿಡಿಯದಿದ್ದರೆ ಎಷ್ಟು ಹಾಡುಗಳು ಹಾಡಿದವರೊಡನೆ ಮಣ್ಣಾಗುತ್ತಿದ್ದುವೋ ಹೇಳಲಾಗದು. ಆ ಹಾಡುಗಳಿಗೂ ನಾನು ಹೇಳುತ್ತಿರುವ ಗಿಟಾರುಗಳಿಗೂ ವಸ್ತುವಿನಲ್ಲಿ ಸಂಬಂಧವಿಲ್ಲ. ಆದರೆ ಬಾಯಲ್ಲಿರುವುದನ್ನು ಬರಹಕ್ಕೆ ತರದಿದ್ದರೆ ಅದು ಉಳಿಯದೆಂಬ ನಿಯಮ ಎರಡಕ್ಕೂ ಒಂದೇ.

2025ರ ಜುಲೈ 5ರಂದು ಬ್ಲ್ಯಾಕ್ ಸಬ್ಬತ್ ತಂಡ ತನ್ನ ಹುಟ್ಟೂರಾದ ಬರ್ಮಿಂಗ್‌ಹ್ಯಾಮಿನಲ್ಲಿ ಕಡೆಯ ಬಾರಿಗೆ ನುಡಿಸಿತು. ಆ ತಿಂಗಳ 22ರಂದು ಅದರ ಗಾಯಕ ಆಜಿ ಆಸ್‌ಬರ್ನ್ ತೀರಿಕೊಂಡರು. ಮೂಲಪುರುಷರ ತಲೆಮಾರು ಹೀಗೆ ಅಸ್ತಂಗತವಾಗುತ್ತಿರುವಾಗ, 2007ರಲ್ಲಿ ಇಪ್ಪತ್ತರ ಹರೆಯದಲ್ಲಿ ಅರಮನೆ ಮೈದಾನದಲ್ಲಿ ನಿಂತಿದ್ದವರು ನಲವತ್ತರ ಆಸುಪಾಸಿಗೆ ಬಂದಿದ್ದಾರೆ. ನೆನಪು ಇನ್ನೂ ಹಸಿಯಾಗಿದೆ, ಬರೆಯುವ ಕೈಗಳಲ್ಲಿ ಇನ್ನೂ ಕಸುವಿದೆ.

ಆದುದರಿಂದ ಈ ಅಂಕಣವನ್ನು ಓದುವ ರಸಿಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ನೀವು ಕೇಳಿದ ಕಛೇರಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ: ತಾರೀಖು, ಸ್ಥಳ, ನೀವು ನಿಂತಿದ್ದ ಜಾಗ, ಮೊದಲು ನುಡಿಸಿದ ಸ್ಥಳೀಯ ತಂಡದ ಹೆಸರು, ಹಾಡುಗಳ ಅನುಕ್ರಮ, ಜೊತೆಗಿದ್ದವರು, ಊರಿಂದ ಹೋದ ಬಗೆ, ಎಲ್ಲವೂ ಇರಲಿ. ಟಿಕೆಟ್ಟುಗಳ ಅಕ್ಷರ ಮಾಸುವ ಮೊದಲೇ ಅವುಗಳಲ್ಲಿರುವುದನ್ನು ನಕಲು ಮಾಡಿಕೊಳ್ಳಿರಿ; ನಮ್ಮ ಮಳೆಗಾಲದ ತೇವಕ್ಕೆ ಕ್ಯಾಸೆಟ್ಟುಗಳಲ್ಲಿ ಬೂಷ್ಟು ಹಿಡಿಯುವ ಮೊದಲೇ ಅವುಗಳ ಪ್ರತಿ ತೆಗೆದಿಡಿರಿ. ನಿಮಗಿಂತ ಹಿರಿಯ ರಸಿಕರೊಬ್ಬರು ನೆರೆಯಲ್ಲಿದ್ದರೆ, ಅವರ ಬಳಿ ಕುಳಿತು ಕೇಳಿ, ಬರೆದುಕೊಳ್ಳಿರಿ. ಈ ಕೆಲಸವನ್ನು ಮುಂದಿನ ಮಳೆಗಾಲಕ್ಕೆ ಮುಂದೂಡದೆ ಈ ವಾರವೇ ಆರಂಭಿಸಿರಿ.